ಒತ್ತಕ್ಷರ ಕುಣಿಯಲು ಕಲಿತ ಬಗೆ

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಹೆಸರನ್ನು ಪರದೆಯ ಮೇಲೆ ಕುಣಿಸಬೇಕು ಎಂದುಕೊಳ್ಳಿ. ಜಾತ್ರೆಯ ಆಮಂತ್ರಣವೋ ಶಾಲೆಯ ವಾರ್ಷಿಕೋತ್ಸವದ ವಿಡಿಯೊವೋ ಮದುವೆಯ ಸ್ಟೇಟಸ್ಸೋ, ಯಾವುದಾದರೂ ಆಗಲಿ. ಅನಿಮೇಶನ್ ತಂತ್ರಾಂಶದಲ್ಲಿ ಹೆಸರು ಟೈಪ್ ಮಾಡಿ, ಅಕ್ಷರಗಳು ಒಂದೊಂದಾಗಿ ಮೂಡಲಿ ಎಂದು ಆಯ್ದುಕೊಂಡರೆ ಮೊದಲು ಕ ಬರುತ್ತದೆ, ಅದಕ್ಕೆ ಕೊಂಬು ಸೇರಿ ಕು ಆಗುತ್ತದೆ. ಆಮೇಲೆ ಪ. ಅದರ ತಲೆಕಟ್ಟು ಏಕಾಏಕಿ ತಿರುಚಿಕೊಂಡು ಪ್ ಆಗುತ್ತದೆ. ಮರುಗಳಿಗೆಯಲ್ಲಿ ತಲೆಕಟ್ಟು ಮೊದಲಿನಂತಾಗಿ ಕೆಳಗೊಂದು ಒತ್ತು ಕಾಣಿಸುತ್ತದೆ. ಮತ್ತೆ ತಲೆಕಟ್ಟು ಮಾಯವಾಗಿ ಏತ್ವ, ದೀರ್ಘ ಬಂದು ಪ್ಪೇ ನಿಲ್ಲುತ್ತದೆ. ಓದುವವರಿಗೆ ಈ ಹೆಸರು ಕು, ಪ್ಪೇ, ಲೂ, ರು ಎಂಬ ನಾಲ್ಕು ಅಕ್ಷರ. ಗಣಕದ ಲೆಕ್ಕದಲ್ಲಿ ಹತ್ತು ಸಂಕೇತ.

ಹಾವೇರಿಗೆ ಒತ್ತಿಲ್ಲ, ಹಾಗಾಗಿ ತಕರಾರು ಕಡಿಮೆ. ಬ್ಯಾಡಗಿಗೆ ಮೊದಲ ಅಕ್ಷರದಲ್ಲೇ ಪೆಟ್ಟು. ಎಲ್ಲಕ್ಕಿಂತ ಕಷ್ಟದ್ದು ನಾಡಿನ ಹೆಸರೇ. ಕರ್ನಾಟಕ ಎಂದು ಮೂಡಿಸುವಾಗ ಕ ಆದಮೇಲೆ ಪೂರ್ಣ ರ ಬಂದು ನಿಲ್ಲುತ್ತದೆ, ಆಮೇಲೆ ರ್ ಆಗುತ್ತದೆ, ನ ಬಂದ ಕ್ಷಣ ಇದ್ದ ಜಾಗದಿಂದ ಮಾಯವಾಗಿ ನ-ದ ಬೆನ್ನಿಗೆ ಅರ್ಕಾವೊತ್ತಾಗಿ ಹಾರುತ್ತದೆ. ನೋಡುವವರ ಕಣ್ಣು ಅಲ್ಲಿ ಎಡವುತ್ತದೆ.

ಯಾಕೆ ಹೀಗಾಯಿತು ಎಂಬುದಕ್ಕೆ ಒಂದು ಕಥೆಯಿದೆ. ಅಕ್ಷರವು ಚಿತ್ರವಾಗಿದ್ದಷ್ಟು ಕಾಲ ಕನ್ನಡಕ್ಕೆ ಈ ತೊಂದರೆ ಇರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಅಲ್ಲಿಂದ ಹಲವು ದಶಕ ಸಿನಿಮಾದ ಟೈಟಲ್ ಕಾರ್ಡ್ ಎಂದರೆ ಕುಂಚ ಹಿಡಿದ ಕಲಾವಿದರ ಕೆಲಸ. ಅವರ ಕೈಗೆ ಒತ್ತು ಸಮಸ್ಯೆಯಾಗಿರಲಿಲ್ಲ. ಬೇಕೆಂದ ಕಡೆ ಉಬ್ಬಿಸಿ, ಬಾಲ ಎಳೆದು, ಅದನ್ನೇ ಅಲಂಕಾರ ಮಾಡಿಕೊಳ್ಳುತ್ತಿದ್ದರು. 1960ರ ದಶಕದ ಕೊನೆಗೆ ಅಮೆರಿಕದ ಡೆನ್ವರ್ ನಗರದಲ್ಲಿ ಲೀ ಹ್ಯಾರಿಸನ್ ಕಟ್ಟಿದ ಸ್ಕ್ಯಾನಿಮೇಟ್ ಯಂತ್ರವೂ ಅಕ್ಷರವನ್ನು ಚಿತ್ರವೆಂದೇ ಕಂಡಿತು. ಪಾರದರ್ಶಕ ಹಾಳೆಯ ಮೇಲಿನ ಬರಹವನ್ನು ಕ್ಯಾಮೆರಾದಿಂದ ಹಿಡಿದು, ವಿದ್ಯುತ್ತಿನ ಏರಿಳಿತದಿಂದ ಅದನ್ನು ಎಳೆದು, ತಿರುಗಿಸಿ, ಅಲೆಯಾಗಿಸುತ್ತಿತ್ತು. ಆ ಯಂತ್ರದ ಮುಂದೆ ಇಂಗ್ಲಿಷ್ ಇಟ್ಟರೂ ಒಂದೇ, ಕನ್ನಡ ಇಟ್ಟರೂ ಒಂದೇ.

ಅಕ್ಷರ ಸಂಕೇತವಾದಾಗ ಕನ್ನಡ ಹಿಂದೆ ಬಿತ್ತು. ಆಫ್ಟರ್ ಎಫೆಕ್ಟ್ಸ್ ಎಂಬ ಅನಿಮೇಶನ್ ತಂತ್ರಾಂಶ 1993ರಲ್ಲಿ ಪ್ರಾವಿಡೆನ್ಸ್ ನಗರದ ಪುಟ್ಟ ಕಂಪನಿಯೊಂದರಿಂದ ಹೊರಬಂದು, ಮರುವರ್ಷ ಅಡೋಬಿಯ ಕೈ ಸೇರಿತು. 2003ರ ಆವೃತ್ತಿಯಲ್ಲಿ ಅದಕ್ಕೆ ಹೊಸ ಸಾಮರ್ಥ್ಯ ಬಂತು: ಪರದೆಯ ಮೇಲೆ ನೇರವಾಗಿ ಟೈಪ್ ಮಾಡಿ, ಪ್ರತಿಯೊಂದು ಅಕ್ಷರದ ಜಾಗ, ಗಾತ್ರ, ಬಣ್ಣ, ತಿರುವುಗಳನ್ನು ಬೇರೆಬೇರೆಯಾಗಿ ಚಲಿಸುವಂತೆ ಮಾಡಬಹುದು. ಇಂದು ಲಿರಿಕಲ್ ವಿಡಿಯೊಗಳಲ್ಲಿ ಕಾಣುವ ಅಕ್ಷರಗಳ ಕುಣಿತಕ್ಕೆ ಬುನಾದಿ ಇದೇ. ಆದರೆ ಪ್ರತಿಯೊಂದು ಅಕ್ಷರ ಎಂದರೆ ಅಲ್ಲಿ ಇಂಗ್ಲಿಷಿನ ಲೆಕ್ಕ.

ಆ ಹೊತ್ತಿಗೆ ಕನ್ನಡ ಗಣಕಕ್ಕೆ ಬಂದಾಗಿತ್ತು, ಬಂದ ದಾರಿ ಮಾತ್ರ ಬೇರೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡದ ಉಚ್ಚಾರಣೆಯನ್ನೇ ಆಧಾರವಾಗಿಟ್ಟು ಕೀಲಿಮಣೆ ವಿನ್ಯಾಸ ಮಾಡಿದರು. ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಯಿಂದ ಹಿಡಿದು ಪ್ರಿಂಟಿಂಗ್ ಪ್ರೆಸ್ಸಿನವರೆಗೆ ನೆಲೆಯೂರಿತು. ಪೂರ್ಣಚಂದ್ರ ತೇಜಸ್ವಿ ಅವರು ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ದುಡಿದದ್ದನ್ನೂ ಇಲ್ಲಿ ನೆನೆಯಬೇಕು. ಕನ್ನಡಿಗರು ಗಣಕದಲ್ಲಿ ಕನ್ನಡ ಬರೆಯುವಂತಾದದ್ದು ಇಂಥವರ ಶ್ರಮದಿಂದ.

ಆದರೆ ನುಡಿಯ ಹಳೆಯ ಫಾಂಟುಗಳ ಒಳಗುಟ್ಟು ಬೇರೆಯಿತ್ತು. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಕ ಎಂದರೆ ಕ-ದ ಮೈ ಒಂದು ಮನೆ, ಅದರ ತಲೆಕಟ್ಟು ಇನ್ನೊಂದು ಮನೆ. ‘ಕನ್ನಡ’ ಎಂಬ ಪದಕ್ಕೆ ಹೀಗೆ ಏಳು ತುಂಡು. ಕಾಗದದ ಮೇಲೆ ಇದರಿಂದ ಏನೂ ಕೆಡುಕಿಲ್ಲ, ಅಚ್ಚು ಮುದ್ದಾಗಿಯೇ ಬರುತ್ತದೆ. ಅನಿಮೇಶನ್ನಿನಲ್ಲಿ ಮಾತ್ರ ತಲೆಕಟ್ಟು ಒಂದು ಕಡೆಯಿಂದ, ಮೈ ಒಂದು ಕಡೆಯಿಂದ, ಒತ್ತು ಇನ್ನೊಂದು ಕಡೆಯಿಂದ ಹಾರಿ ಬಂದವು. ನಮ್ಮ ಎಡಿಟರುಗಳು ಆಗ ಕಂಡುಕೊಂಡ ಉಪಾಯವೆಂದರೆ ಪ್ರತಿ ಅಕ್ಷರಕ್ಕೂ ಒಂದು ಲೇಯರ್ ಮಾಡಿ, ಒಂದೊಂದಕ್ಕೂ ಚಲನೆಯ ಘಟ್ಟಗಳನ್ನು ಗುರುತಿಸುವ ಕೀಫ್ರೇಮ್ ಕೈಯಾರೆ ಹಾಕುವುದು. ಇಂಗ್ಲಿಷಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಕನ್ನಡದಲ್ಲಿ ಅರ್ಧ ರಾತ್ರಿ. ಆ ದುಡಿಮೆಯ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಎಲ್ಲ ಲಿಪಿಗಳಿಗೂ ಅವುಗಳದ್ದೇ ಸಂಕೇತ ಕೊಡುವ ಯೂನಿಕೋಡ್ ಬಂದಮೇಲೆ ಎಲ್ಲ ಸರಿಹೋಗಬೇಕಿತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ರಘುನಾಥ ಕೃಷ್ಣ ಜೋಶಿ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ‘ತುಂಗಾ’ ಫಾಂಟು ವಿಂಡೋಸ್ ಜೊತೆಗೇ ಬಂತು. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ಮೊಬೈಲಿನಲ್ಲಿ ಸರಿಯಾಗಿ ತೋರಿಸತೊಡಗಿತು. ಆದರೆ ಯೂನಿಕೋಡ್ ಕೊಡುವುದು ಸಂಕೇತಗಳ ಸಾಲನ್ನು ಮಾತ್ರ. ಪ, ್, ಪ, ೇ ಎಂಬ ನಾಲ್ಕನ್ನು ಪ್ಪೇ ಎಂದು ಜೋಡಿಸಲು ನಡುವೆ ಇನ್ನೊಂದು ತಂತ್ರಾಂಶ ಬೇಕು. ಹಲವು ಬ್ರೌಸರುಗಳಲ್ಲಿ, ಲಿಬ್ರೆಆಫೀಸಿನಲ್ಲಿ ಈ ಜೋಡಣೆಯ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅನಿಮೇಶನ್ ತಂತ್ರಾಂಶಗಳು ಈ ಕಡೆ ಬಹಳ ಕಾಲ ಗಮನವನ್ನೇ ಕೊಡಲಿಲ್ಲ.

ಟಾನ್ ರೋಸೆಂಡಾಲ್ ಕಟ್ಟಿದ ಬ್ಲೆಂಡರನ್ನೇ ನೋಡಿ. ಬಳಕೆದಾರರು ಒಂದು ಲಕ್ಷ ಯೂರೊ ಕೂಡಿಸಿ, 2002ರ ಅಕ್ಟೋಬರಿನಲ್ಲಿ ಅದನ್ನು ಎಲ್ಲರಿಗೂ ಮುಕ್ತಗೊಳಿಸಿದರು. ಹಣ ಕೊಡದೆ ಮೂರು ಆಯಾಮದ ಅನಿಮೇಶನ್ ಕಲಿಯಬೇಕೆಂಬ ಹಳ್ಳಿಯ ಹುಡುಗ ಹುಡುಗಿಯರಿಗೆ ಅದಕ್ಕಿಂತ ದೊಡ್ಡ ಕೊಡುಗೆ ಇಲ್ಲ. ಆದರೆ ಅದರ ಪಠ್ಯ ಸಲಕರಣೆ ವರ್ಷಗಟ್ಟಲೆ ಸಂಕೇತಗಳನ್ನು ಬಿಡಿಬಿಡಿಯಾಗಿಯೇ ಸಾಲುಗಟ್ಟಿ ನಿಲ್ಲಿಸಿತು, ಒತ್ತು ಕೂಡಲಿಲ್ಲ. ಹಾಗಾಗಿ ಕನ್ನಡದವರು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಹೆಸರು ಬರೆದು, ಅದನ್ನು ರೇಖೆಗಳಾಗಿ ಬದಲಿಸಿ, ಬ್ಲೆಂಡರಿಗೆ ತಂದು ದಪ್ಪ ಕೊಟ್ಟು ಕುಣಿಸಿದರು. ಅಕ್ಷರ ಮತ್ತೆ ಚಿತ್ರವಾಯಿತು. ನೋಡಲು ಚೆಂದ, ಆದರೆ ಕಾಗುಣಿತ ತಪ್ಪಿದರೆ ಮೊದಲಿನಿಂದ ಶುರು.

ಅಕ್ಷರಗಳನ್ನು ಒಂದೊಂದಾಗಿ ಕುಣಿಸಲು ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ ಎಂಬುದೂ ಗಣಕಕ್ಕೆ ತಿಳಿದಿರಬೇಕು. 2023ರಲ್ಲಿ ಯೂನಿಕೋಡ್ 15.1 ಭಾರತೀಯ ಲಿಪಿಗಳಿಗೆಂದು ಹೊಸ ನಿಯಮ ತಂದಿತು. ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಎಣಿಸಬೇಕು ಎಂಬ ನಿಯಮವದು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಆ ನಿಯಮದಂತೆ ತೆಲುಗಿನಲ್ಲಿ ಬರೆದ ಕುಪ್ಪೇಲೂರು ನಾಲ್ಕು ಘಟಕ, ಕನ್ನಡದಲ್ಲಿ ಬರೆದದ್ದು ಐದು: ಕು, ಪ್, ಪೇ, ಲೂ, ರು. ತೆಲುಗಿನಷ್ಟು ಹತ್ತಿರದ ಲಿಪಿ ಒಳಗಿದ್ದು ನಮ್ಮದು ಹೊರಗುಳಿಯಬೇಕಿರಲಿಲ್ಲ. ಇಂಥ ಪಟ್ಟಿಗಳು ತಯಾರಾಗುವ ಕಡೆ ಕನ್ನಡದ ಪರವಾಗಿ ಬರೆದು, ಉದಾಹರಣೆ ಕೊಟ್ಟು ವಾದಿಸುವವರು ಬೇಕು. ನಮ್ಮ ವಿಶ್ವವಿದ್ಯಾಲಯಗಳು, ಪ್ರಾಧಿಕಾರಗಳು ಹೊರಬೇಕಾದ ಹೊಣೆ ಇದು.

ಇನ್ನೊಂದು ಬಗೆಯ ಕುಣಿತವೂ ಇದೆ. ಕಾಣದ ಪೆನ್ನೊಂದು ಬರೆದಂತೆ ಅಕ್ಷರ ಮೂಡುವುದು. ಮಕ್ಕಳಿಗೆ ತಿದ್ದಲು ಕಲಿಸುವ ವಿಡಿಯೊಗಳಿಗೆ ಇದೇ ಬೇಕು. ಫಾಂಟಿನಲ್ಲಿ ಇರುವುದು ಅಕ್ಷರದ ಅಂಚುಗೆರೆ ಮಾತ್ರ, ಪೆನ್ನು ನಡೆದ ದಾರಿ ಅಲ್ಲಿಲ್ಲ. ಅದನ್ನು ಅಕ್ಷರದ ನಡುವೆ ಹೊಸದಾಗಿ ಎಳೆಯಬೇಕು. ಎಳೆಯುವಾಗ ಪ್ಪೇ ಅಕ್ಷರದಲ್ಲಿ ಯಾವುದು ಮೊದಲು ಎಂಬ ಪ್ರಶ್ನೆ ಬರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮವಿದೆ: ಎರಡು ಪಕಾರ, ಆಮೇಲೆ ಸ್ವರ. ಸಾಮಾನ್ಯವಾಗಿ ಕೈ ಹಾಗೆ ಬರೆಯುವುದಿಲ್ಲ. ಪ-ದ ಮೈ, ಮೇಲಿನ ಏತ್ವ, ಕೆಳಗಿನ ಒತ್ತು, ಕೊನೆಗೆ ಬಲಕ್ಕೆ ದೀರ್ಘ ಎಂದು ಅದು ಸಾಗುತ್ತದೆ. ನುಡಿಯ ಹಳೆಯ ಫಾಂಟುಗಳಲ್ಲಿ ತುಂಡುಗಳು ಕೂತಿರುವುದು ಸರಿಯಾಗಿ ಇದೇ ಕ್ರಮದಲ್ಲಿ.