ಖಣಿಯ ದಂಡೆಯಲ್ಲಿ ಫ್ಲೈ ಫಿಶಿಂಗ್

ವಾಡಿ, ಶಹಾಬಾದ್, ಚಿತ್ತಾಪುರ ಕಡೆಯಿಂದ ಬಂದವರಿಗೆ ಖಣಿ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಗಳ ನೆಲಕ್ಕೆ ಹಾಸಿರೋ ಶಹಾಬಾದ್ ಫರಸಿ ಬಂದದ್ದೇ ಅಲ್ಲಿಂದ. ಕಲ್ಲು ತೆಗೆದು ಬಿಟ್ಟ ಖಣಿಗಳಲ್ಲಿ ಮಳೆ ನೀರು ನಿಂತು ಅವು ಸಣ್ಣ ಕೆರೆಗಳೇ ಆಗಿಬಿಟ್ಟಿವೆ. ಮೀನು ಸೇರಿಕೊಂಡ ಕಡೆ ಬಿದಿರು ಕೋಲು, ಎರೆಹುಳ ಹಿಡಿದು ಕೂರೋರೂ ಇರ್ತಾರೆ. ಇಂಥ ದಂಡೆಯ ಮೇಲೆ ಫ್ಲೈ ಫಿಶಿಂಗ್ ಮಾಡಬಹುದಾ? ಖಂಡಿತ ಮಾಡಬಹುದು. ಅದರಲ್ಲಿ ನಮ್ಮ ಸಿಲಬಸ್‌ನ ಫಿಸಿಕ್ಸ್ ಕೂಡ ಸಾಕಷ್ಟಿದೆ.

ಅಮೆರಿಕದಲ್ಲಿ ಕೆರೆ ದಂಡೆಯಿಂದ ಫ್ಲೈ ಎಸೆಯೋರು ಹೆಚ್ಚಾಗಿ ಹುಡುಕೋದು ಬಾಸ್ ಮತ್ತು ಪ್ಯಾನ್‌ಫಿಶ್. ಪ್ಯಾನ್‌ಫಿಶ್ ಅಂದ್ರೆ ಒಂದೇ ಜಾತಿ ಅಲ್ಲ, ಬಾಣಲೆಯಲ್ಲಿ ಇಡಿಯಾಗಿ ಹುರಿಯೋವಷ್ಟು ಸಣ್ಣ ಮೀನುಗಳಿಗೆ ಇಟ್ಟ ಒಟ್ಟು ಹೆಸರು. ನಮ್ಮ ಕಡೆ ಬಾಸ್ ಜಾಗದಲ್ಲಿ ಕೊರಮೀನು ಇದೆ, ಪ್ಯಾನ್‌ಫಿಶ್ ಜಾಗದಲ್ಲಿ ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ.

ಎಸೆಯೋದು ಕೊಕ್ಕೆಯನ್ನಲ್ಲ, ದಾರವನ್ನ

ಮಾಮೂಲಿ ಗಾಳದಲ್ಲಿ ತೂಕ ಇರೋದು ತುದಿಯ ಹತ್ತಿರ. ಸೀಸದ ಗುಂಡು ಹಾರುತ್ತೆ, ದಾರ ಅದರ ಹಿಂದೆ ಹೋಗುತ್ತೆ. ಫ್ಲೈ ಅಂದ್ರೆ ಕೊಕ್ಕೆಗೆ ಕೋಳಿ ಪುಕ್ಕ, ನೂಲು ಸುತ್ತಿ ಮಾಡಿದ ಸುಳ್ಳು ಹುಳ. ಪುಕ್ಕವನ್ನ ಎಷ್ಟು ಜೋರಾಗಿ ಎಸೆದರೂ ಕಾಲ ಹತ್ತಿರವೇ ಬೀಳುತ್ತೆ. ಅದಕ್ಕೇ ಇಲ್ಲಿ ತೂಕವನ್ನ ದಾರಕ್ಕೆ ಕೊಟ್ಟಿದ್ದಾರೆ. 5ನೇ ನಂಬರ್ ದಾರದ ಮುಂದಿನ 30 ಅಡಿ ಸುಮಾರು 9 ಗ್ರಾಂ ತೂಗುತ್ತೆ, 8ನೇ ನಂಬರ್‌ದು ಸುಮಾರು 13.6 ಗ್ರಾಂ. ಜಿಲೇಬಿಗೆ 5 ಸಾಕು. ಕೊರಮೀನಿಗೆ ದೊಡ್ಡ ಫ್ಲೈ ಬೇಕು, ಅದನ್ನ ಒಯ್ಯೋಕೆ 8 ಬೇಕು.

ಎತ್ತು ಹೊಡೆಯೋ ಬಾರಕೋಲನ್ನ ನೆನಪಿಸಿಕೊಳ್ಳಿ. ಕೈ ನಿಂತರೂ ದಾರದ ಮಡಿಕೆ ಮುಂದಕ್ಕೆ ಓಡುತ್ತೆ. ಓಡ್ತಿರೋ ಭಾಗ ಚಿಕ್ಕದಾಗ್ತಾ ಬಂದ ಹಾಗೆ, ಶಕ್ತಿಯ ಬಹುಪಾಲು ಉಳಿದ ತುಂಡಿಗೇ ಸೇರುತ್ತೆ, ಒಂದಿಷ್ಟನ್ನ ಗಾಳಿ ತಿಂದು ಹಾಕುತ್ತೆ. ಫ್ಲೈ ಎಸೆತವೂ ಇದೇ ಲೆಕ್ಕ. ಹಿಂದಕ್ಕೆ ಬೀಸಿದ ದಾರ ಪೂರ್ತಿ ಚಾಚಿಕೊಳ್ಳೋವರೆಗೂ ಕಾದು ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದ್ರೆ ಚಾಟಿ ಥರ ಟಪ್ ಅಂತ ಸದ್ದಾಗಿ ಫ್ಲೈ ಕಿತ್ಕೊಂಡು ಹೋಗುತ್ತೆ.

ಹಿಂದೆ ಗೋಡೆ ಇದ್ರೆ?

ಖಣಿಯಲ್ಲಿ ಇದೇ ದೊಡ್ಡ ತೊಂದರೆ. ಶಹಾಬಾದ್ ಕಲ್ಲು ಪದರ ಪದರವಾಗಿ ಎದ್ದು ಬರುತ್ತೆ, ಹಾಗಾಗಿ ಖಣಿಯ ಅಂಚು ಮೆಟ್ಟಿಲು ಕಡಿದ ಹಾಗೆ ನೆಟ್ಟಗೆ ಇರುತ್ತೆ. ಕೆಳಗಿನ ಮೆಟ್ಟಿಲ ಮೇಲೆ ನಿಂತ್ರೆ ಬೆನ್ನಿಗೇ ಗೋಡೆ, ದಾರ ಹಿಂದಕ್ಕೆ ಬೀಸೋಕೆ ಜಾಗವೇ ಇಲ್ಲ. ಇದಕ್ಕೆ ಉತ್ತರ ರೋಲ್ ಕಾಸ್ಟ್. ದಾರದ ಮುಂಭಾಗ ನೀರಿನ ಮೇಲೇ ಇರಲಿ. ಕೋಲನ್ನ ನಿಧಾನಕ್ಕೆ ಎತ್ತಿ ಕಿವಿಯ ಪಕ್ಕಕ್ಕೆ ತನ್ನಿ, ದಾರ ಹೆಗಲ ಹಿಂದೆ ಬಿಲ್ಲಿನ ಹಾಗೆ ಬಾಗಿ ಜೋತು ಬೀಳುತ್ತೆ. ಒಂದು ಕ್ಷಣ ನಿಲ್ಲಿಸಿ, ಮುಂದಕ್ಕೆ ಚುರುಕಾಗಿ ಬೀಸಿ ತಟ್ಟನೆ ತಡೆಯಿರಿ. ನೀರು ದಾರದ ತುದಿಯನ್ನ ಹಿಡ್ಕೊಂಡಿರುತ್ತಲ್ಲ, ಆ ಹಿಡಿತದ ವಿರುದ್ಧವೇ ಕೋಲು ಬಾಗಿ ದಾರವನ್ನ ಉರುಳಿಸುತ್ತೆ. ದೂರ ಕಡಿಮೆ, ಆದ್ರೆ ದಂಡೆ ಮೀನಿಗೆ 8–10 ಮೀಟರ್ ಸಾಕು.

ಮೀನಿನ ಕಿಟಕಿ

ಸ್ನೆಲ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತೆ. ನೀರಿನಿಂದ ಗಾಳಿಗೆ ಕ್ರಿಟಿಕಲ್ ಆಂಗಲ್ ಸುಮಾರು 48.6 ಡಿಗ್ರಿ. ಹಾಗಾಗಿ ಮೀನಿಗೆ ಹೊರಗಿನ ಲೋಕವೆಲ್ಲ ತಲೆ ಮೇಲಿನ ಒಂದು ದುಂಡು ಕಿಟಕಿಯಲ್ಲೇ ಕಾಣೋದು. 1 ಮೀಟರ್ ಆಳದಲ್ಲಿರೋ ಮೀನಿಗೆ ಆ ಕಿಟಕಿಯ ಅಗಲ ಸುಮಾರು 2.3 ಮೀಟರ್. ದಂಡೆಯ ಮೇಲಿನ ತಗ್ಗು ವಸ್ತುಗಳು ಕಿಟಕಿಯ ಅಂಚಿನಲ್ಲಿ ಅಮುಕಿ ಹೋಗಿ ಕಾಣೋದೇ ಕಷ್ಟ. ಖಣಿಯ ಮೇಲಿನ ಅಂಚಲ್ಲಿ ನೆಟ್ಟಗೆ ನಿಂತವರು ಮಾತ್ರ ಚೆನ್ನಾಗಿ ಕಾಣ್ತಾರೆ. ಅದಕ್ಕೇ ತಗ್ಗಿನಲ್ಲಿ, ನೀರಿನಿಂದ ಸ್ವಲ್ಪ ಹಿಂದೆ ಕೂರಬೇಕು.

ಯಾವ ಮೀನಿಗೆ ಯಾವ ಫ್ಲೈ

ಜಿಲೇಬಿ ಆಫ್ರಿಕಾದ ಮೀನು, ಭಾರತಕ್ಕೆ ತಂದದ್ದು 1952ರಲ್ಲಿ. ಬಾಯಿ ಸಣ್ಣದು, 10 ಅಥವಾ 12ನೇ ನಂಬರ್ ಕೊಕ್ಕೆ ಸರಿ. ಫ್ಲೈ ನಿಧಾನಕ್ಕೆ ಮುಳುಗಲಿ, ಆಮೇಲೆ ಬೆರಳಷ್ಟು ಬೆರಳಷ್ಟೇ ಎಳೀರಿ. ಹಿಡಿದದ್ದನ್ನ ಮನೆಗೆ ಒಯ್ದ್ರೆ ಪಾಪವೇನಿಲ್ಲ. ಆದ್ರೆ ಜೀವಂತ ಒಯ್ದು ಇನ್ನೊಂದು ಕೆರೆಗೆ ಬಿಡೋದು ಬೇಡ, ಅಲ್ಲಿನ ಮೀನುಗಳ ಊಟ, ಜಾಗ ಎರಡಕ್ಕೂ ಇದು ಪೈಪೋಟಿಗೆ ಬರುತ್ತೆ.

ಕೊರಮೀನು ಈ ನೆಲದ್ದೇ. ಸೇಡಂ ದಾಟಿದ್ರೆ ಸಿಗೋ ತೆಲಂಗಾಣಕ್ಕೆ ಇದೇ ರಾಜ್ಯ ಮೀನು. ನೀರಿನ ಆಮ್ಲಜನಕ ಸಾಲದೆ ಗಾಳಿ ಕುಡಿಯೋಕೆ ಮೇಲೆ ಬರುತ್ತೆ. ಕಳೆಯ ಮಧ್ಯೆ ಗುಳುಕ್ ಅಂತ ಸದ್ದಾದ್ರೆ ಅಲ್ಲೇ ಇದೆ ಅಂತ ತಿಳ್ಕೊಳ್ಳಿ. ಫೋಮ್‌ನಿಂದ ಮಾಡಿದ ಕಪ್ಪೆಯಂಥ ಫ್ಲೈಯನ್ನ ಕಳೆಯ ಅಂಚಲ್ಲಿ ತೇಲಿಸಿ, ಎಳೆದು ನಿಲ್ಲಿಸಿ, ಮತ್ತೆ ಎಳೀರಿ.

ಎಸೆಯಬಾರದ ಒಂದು ಜಾಗ

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ಕುದಿಯೋ ಹಾಗೆ ಓಡಾಡ್ತಿದ್ರೆ ಅವು ಕೊರಮೀನಿನ ಮರಿಗಳು. ಕೆಳಗೆ ಅಪ್ಪನೋ ಅಮ್ಮನೋ ಕಾವಲಿಗೆ ಇರುತ್ತೆ. ಆ ಗುಂಪಿನ ಮಧ್ಯೆ ಏನೇ ಬಿದ್ರೂ ದೊಡ್ಡ ಮೀನು ಹೊಡೆಯುತ್ತೆ, ಹಸಿವಿಗಲ್ಲ, ಮರಿಗಳನ್ನ ಕಾಯೋಕೆ. ಹಿಡಿಯೋದು ಅಷ್ಟು ಸುಲಭ ಅನ್ನೋದೇ ಇಲ್ಲಿ ಅಪಾಯ. ಕಾವಲು ತಪ್ಪಿದ್ರೆ ಮರಿಗಳನ್ನ ಉಳಿದ ಮೀನುಗಳು ತಿಂದುಬಿಡ್ತವೆ. ಹಿಡಿದು ಫೋಟೋ ತೆಗೆದು ಬಿಟ್ಟೆ ಅಂದ್ರೂ ಆ ಕೆಲವು ನಿಮಿಷ ಮರಿಗಳಿಗೆ ಯಾರೂ ಇರಲ್ಲ. ಒಂದು ಮೀನಿನ ಆಸೆಗೆ ಒಂದು ಸಂಸಾರವೇ ಹೋಗುತ್ತೆ. ಮರಿ ಕಂಡ್ರೆ ದಾರ ಸುತ್ತಿಕೊಂಡು ಮುಂದಿನ ಮೂಲೆಗೆ ನಡೀರಿ.

ಹೋಗೋ ಮುಂಚೆ

ಖಣಿ ಯಾರದೋ ಸ್ವತ್ತು, ಕೆರೆಯ ಮೀನು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರಬಹುದು, ಕೇಳಿಯೇ ಹೋಗಿ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ಸುತ್ತ ವನ್ಯಧಾಮ ಇದೆ, ಅಲ್ಲಿ ಅರಣ್ಯ ಇಲಾಖೆಯ ಮಾತೇ ಕೊನೆ. ಕೊಕ್ಕೆಯ ಮುಳ್ಳನ್ನ ಪಕ್ಕಡ್‌ನಿಂದ ಒತ್ತಿ ಚಪ್ಪಟೆ ಮಾಡಿ, ಕನ್ನಡಕ, ಟೋಪಿ ಹಾಕ್ಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಖಣಿ ನೀರಿಗೆ ಇಳೀಬೇಡಿ. ಒಂದು ಹೆಜ್ಜೆಗೆ ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟಾಗಬಹುದು. ಗೋಡೆ ನೆಟ್ಟಗಿರೋದ್ರಿಂದ ಈಜು ಬಂದವರಿಗೂ ಹಿಡಿದು ಹತ್ತೋಕೆ ಏನೂ ಸಿಗಲ್ಲ. ಫ್ಲೈ ಕಳೆಗೆ ಸಿಕ್ಕಿದ್ರೆ ದಾರ ಕತ್ತರಿಸಿಬಿಡಿ. ಒಬ್ಬರೇ ಹೋಗಬೇಡಿ, ಜೊತೆಗೆ ಉದ್ದನೆ ಹಗ್ಗ ಇರಲಿ.

ಎಸೆತ ಕಲಿಯೋಕೆ ನೀರೇ ಬೇಕಂತಿಲ್ಲ. ಕೊಕ್ಕೆ ಬದಲು ಒಂದು ತುಂಡು ಉಲ್ಲನ್ ನೂಲು ಕಟ್ಟಿ, ಹಾಸ್ಟೆಲ್ ಮುಂದಿನ ಮೈದಾನದಲ್ಲೇ ಶುರು ಮಾಡಿ. ರೋಲ್ ಕಾಸ್ಟ್‌ಗೆ ಮಾತ್ರ ಮಳೆ ನಿಂತ ಮೇಲಿನ ಒದ್ದೆ ಹುಲ್ಲು ಬೇಕು, ಒಣ ನೆಲ ದಾರವನ್ನ ಹಿಡಿಯಲ್ಲ.