ಪಿ.ಬಿ. ರಸ್ತೆಯಿಂದ ಅಂಡಮಾನಿಗೆ

ನಮ್ಮ ಮನೆತನಗಳಲ್ಲಿ ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಜಾತ್ರೆ, ಮದುವೆ, ತೊಟ್ಟಿಲ ಕಾರ್ಯ, ಮಗನ ನೌಕರಿಯ ಊರು, ಇಲ್ಲವೆ ದವಾಖಾನೆ. ಇವಾವುದೂ ಇಲ್ಲದೆ ಗಂಡಹೆಂಡಿರಿಬ್ಬರೇ ಮನೆಗೆ ಬೀಗ ಹಾಕಿ ಇಪ್ಪತ್ತೆರಡು ದಿನ ಹೊರಡುತ್ತಾರೆಂದರೆ ಓಣಿಯಲ್ಲಿ ಪ್ರಶ್ನೆಗಳೇಳುವುದು ಸಹಜ. “ಯಾಕ್ರೀ, ಆರಾಮ ಇಲ್ಲೇನು?” ಎಂದು ಕೇಳಿದವರೇ ಹೆಚ್ಚು. ಆರಾಮಕ್ಕಾಗಿಯೇ ಹೊರಟಿದ್ದೇವೆ ಎಂದರೆ ಯಾರೂ ನಂಬಲಿಲ್ಲ.

ನಾವು ಎಂದರೆ ಧಾರವಾಡದ ನಿವೃತ್ತ ದಂಪತಿ. ಮನೆಯವರು ನೀರಾವರಿ ಇಲಾಖೆಯಲ್ಲಿದ್ದವರು. ಇದನ್ನು ಬರೆಯುತ್ತಿರುವವಳು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಅತ್ತೆಯವರು ಎಂಟು ವರ್ಷ ಹಾಸಿಗೆ ಹಿಡಿದಿದ್ದರು. ಆ ಎಂಟು ವರ್ಷಗಳಲ್ಲಿ ನಾವಿಬ್ಬರೂ ಕೂಡಿ ಒಂದು ರಾತ್ರಿಯನ್ನೂ ಮನೆಯ ಹೊರಗೆ ಕಳೆಯಲಿಲ್ಲ. ಮಗಳ ಮದುವೆಯ ದಿನವೂ ಒಬ್ಬರು ಮಂಟಪದಲ್ಲಿದ್ದರೆ ಇನ್ನೊಬ್ಬರು ಮನೆಗೆ ಬಂದು ಔಷಧ ಕೊಟ್ಟು ಹೋಗಬೇಕಾಯಿತು. ಅತ್ತೆಯವರು ಲಿಂಗೈಕ್ಯರಾಗಿ, ಮೊದಲ ವರ್ಷದ ಪುಣ್ಯಸ್ಮರಣೆ ಮುಗಿದ ಬಳಿಕವೂ ಹೊರಡಲು ಮನಸ್ಸು ಬರಲಿಲ್ಲ. ಅವರು ಹೋದದ್ದಕ್ಕೆ ಸಂಭ್ರಮಪಡುತ್ತಿದ್ದೇವೆಂದು ಜನ ತಿಳಿದಾರು ಎಂಬ ಅಳುಕು. ಕೊನೆಗೆ ಮಗಳೇ ವಿಮಾನದ ಟಿಕೀಟು ತೆಗೆಸಿದಳು, ಚೆನ್ನೈಯಿಂದ ಅಂಡಮಾನಿಗೆ. ಧಾರವಾಡದಿಂದ ಚೆನ್ನೈಗೆ ಕಾರಿನಲ್ಲಿಯೇ ಹೋಗುತ್ತೇವೆ ಎಂದಾಗ ಅವಳೂ ಬೆಚ್ಚಿದಳು. “ಅಪ್ಪಾ, ಈ ವಯಸ್ಸಿನಾಗ ಅಷ್ಟು ದೂರ ಗಾಡಿ ಯಾಕ?” ಎಂದು ಎರಡು ದಿನ ವಾದಿಸಿದಳು. ನಾವು ಒಪ್ಪಲಿಲ್ಲ. ಬೇಕೆನಿಸಿದಲ್ಲಿ ನಿಲ್ಲುವ ಸ್ವಾತಂತ್ರ್ಯ ನಮಗೆ ಬೇಕಾಗಿತ್ತು.

ಸಂಕ್ರಾಂತಿಯ ಮರುದಿನ ನಸುಕಿನಲ್ಲಿ ಹೊರಟೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ಕರದಂಟು ಜೊತೆಗಿದ್ದವು. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಇಟಿಗಟ್ಟಿಯ ಹತ್ತಿರ ಇಬ್ಬರೂ ಮಾತು ನಿಲ್ಲಿಸಿದೆವು. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ವಿಹಾರಕ್ಕೆ ಹೊರಟಿದ್ದ ಗೆಳತಿಯರ ವಾಹನ ಅಲ್ಲಿಯೇ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಅವರೂ ನಮ್ಮ ಹಾಗೆಯೇ ಸಂಸಾರದ ನಡುವೆ ನಾಲ್ಕು ದಿನ ಬಿಡುವು ಮಾಡಿಕೊಂಡು ನಸುಕಿನಲ್ಲಿ ಎದ್ದು ಹೊರಟವರು. ದಿನಕ್ಕೆ ಮುನ್ನೂರು ಕಿಲೋಮೀಟರು ಮೀರಬಾರದು, ಕತ್ತಲಾದ ಮೇಲೆ ಗಾಡಿ ಓಡಿಸಬಾರದು ಎಂದು ಅಲ್ಲಿಯೇ ನಿಯಮ ಹಾಕಿಕೊಂಡೆವು. ಹೋಗಿ ಬರುವವರೆಗೂ ಪಾಲಿಸಿದೆವು.

ನಮ್ಮ ಭಾಗದವರಿಗೆ ಇದು ಇಂದಿಗೂ ಪಿ.ಬಿ. ರಸ್ತೆ, ಅಂದರೆ ಪುಣೆ-ಬೆಂಗಳೂರು ರಸ್ತೆ. ಸರಕಾರಿ ಕಾಗದಗಳಲ್ಲಿ ಬಹುಕಾಲ ಅದು ರಾಷ್ಟ್ರೀಯ ಹೆದ್ದಾರಿ 4 ಆಗಿತ್ತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ 48 ಆಯಿತು. ನಾಲ್ಕು ಎಂಬ ಸಂಖ್ಯೆ ಎಲ್ಲಿಗೆ ಹೋಯಿತೆಂದು ನಾವೆಂದೂ ಯೋಚಿಸಿರಲಿಲ್ಲ.

ದಾವಣಗೆರೆಯ ಬೆಣ್ಣೆದೋಸೆ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳು ಎಲ್ಲರೂ ಕಂಡವೇ. ಹಿರಿಯೂರಿನಲ್ಲಿ ಮಾತ್ರ ಹೆದ್ದಾರಿ ಬಿಟ್ಟು ವಾಣಿವಿಲಾಸ ಸಾಗರಕ್ಕೆ ಹೋದೆವು. ಜನ ಇದನ್ನು ಮಾರಿಕಣಿವೆ ಎಂದೇ ಕರೆಯುತ್ತಾರೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಬಳಿಕ 2022ರವರೆಗೆ, ಎಂಬತ್ತೊಂಬತ್ತು ವರ್ಷ, ಅದು ಮತ್ತೆ ಕೋಡಿ ಬೀಳಲಿಲ್ಲ. ಮನೆಯವರು ಕಟ್ಟೆಯ ಮೇಲೆ ಅರ್ಧ ತಾಸು ನಿಂತು ನೀರನ್ನೇ ನೋಡಿದರು. ಜೀವಮಾನವೆಲ್ಲ ನೀರಿನ ಲೆಕ್ಕ ಬರೆದವರು, ಲೆಕ್ಕವಿಲ್ಲದೆ ನೀರು ನೋಡಿದ್ದು ಅದೇ ಮೊದಲಿರಬೇಕು.

ಒಂದು ಕುಂದನ್ನೂ ಹೇಳಿಬಿಡಬೇಕು. ಬರೆಯುವವಳು ನಿವೃತ್ತಿಯ ವರ್ಷ ಗಾಡಿ ಕಲಿತು ಪರವಾನಗಿ ಪಡೆದವಳು. ಊರೊಳಗೆ ಓಡಿಸುವುದುಂಟು, ಹೆದ್ದಾರಿಯಲ್ಲಿ ಅವಕಾಶ ಸಿಕ್ಕಿರಲಿಲ್ಲ. ಹೋಗುವ ದಾರಿಯಲ್ಲಿ ಮೂರು ಸಲ ಕೇಳಿಯಾಯಿತು. “ಮುಂದ ನೋಡೋಣ” ಎಂಬ ಉತ್ತರವೇ ಮೂರು ಸಲವೂ ಬಂದಿತು.

ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ತಂಗಿ, ಕೃಷ್ಣಗಿರಿಯ ಹೊಸ ದಾರಿ ಬಿಟ್ಟು ಕೋಲಾರ, ಮುಳಬಾಗಿಲು, ಪಲಮನೇರು, ಚಿತ್ತೂರುಗಳ ಹಳೆಯ ದಾರಿಯನ್ನೇ ಹಿಡಿದೆವು. ಮೂರನೆಯ ರಾತ್ರಿ ಕಂಚಿಯಲ್ಲಿ ಕಳೆದೆವು. ಕಂಚಿಗೆ ಹೋದವರು ರೇಷ್ಮೆ ಅಂಗಡಿಗಳಲ್ಲಿಯೇ ಹೊತ್ತು ಕಳೆಯುತ್ತಾರೆ; ನಾವೂ ಕಳೆದೆವು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಆದರೆ ಕನ್ನಡಿಗರು ಅಲ್ಲಿಯ ಕೈಲಾಸನಾಥ ದೇವಾಲಯವನ್ನು ತಪ್ಪಿಸಬಾರದು. ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರನ್ನು ಗೆದ್ದು ಕಂಚಿಯನ್ನು ಹೊಕ್ಕನು. ಊರನ್ನು ಸುಡಲಿಲ್ಲ, ದೇವಾಲಯದ ಸಂಪತ್ತನ್ನು ಅದಕ್ಕೇ ಮರಳಿಸಿ, ಆ ಸಂಗತಿಯನ್ನು ಅಲ್ಲಿಯ ಕಂಬವೊಂದರ ಮೇಲೆ ಕನ್ನಡದಲ್ಲಿ ಬರೆಸಿದನು. ಅವನ ರಾಣಿ ಲೋಕಮಹಾದೇವಿ ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ದೇವಾಲಯ. ಮಲಪ್ರಭೆಯ ದಂಡೆಯಿಂದ ಕಂಚಿಗೆ ಹೋಗಿ ಬಂದವರಲ್ಲಿ ನಾವು ಮೊದಲಿಗರೇನಲ್ಲ ಎಂದು ನಕ್ಕೆವು. ಪಟ್ಟದಕಲ್ಲಿಗೆ ಶಾಲೆಯ ಮಕ್ಕಳನ್ನು ಎಷ್ಟೋ ಸಲ ಕರೆದೊಯ್ದಿದ್ದರೂ ಅದರ ಇನ್ನೊಂದು ತುದಿಯನ್ನು ಕಾಣಲು ಇಷ್ಟು ವರ್ಷ ಬೇಕಾಯಿತು.

ಚೆನ್ನೈಯಲ್ಲಿ ಸೋದರಸಂಬಂಧಿಯ ಅಂಗಳದಲ್ಲಿ ಕಾರು ನಿಲ್ಲಿಸಿ ವಿಮಾನ ಹತ್ತಿದೆವು. ಹಡಗಿನಲ್ಲಿ ಸುಮಾರು ಮೂರು ದಿನ ಹಿಡಿಯುವ ದಾರಿ. ವಿಮಾನಕ್ಕೆ ಎರಡು ಗಂಟೆಯ ಆಸುಪಾಸು. ಪೋರ್ಟ್ ಬ್ಲೇರ್ ಎಂದು ನಾವೆಲ್ಲ ಪಾಠ ಹೇಳುತ್ತಿದ್ದ ಊರಿಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ವಿಜಯಪುರ ಜಿಲ್ಲೆಯ ನೆಂಟರಿಗೆ ಫೋನು ಮಾಡಿ “ನಿಮ್ಮೂರಿಗೇ ಬಂದೇವಿ” ಎಂದು ಚೇಷ್ಟೆ ಮಾಡಿದೆವು.

ಊರೊಳಗೆ ಹೋಗುವಾಗ ರಸ್ತೆಯ ಅಂಚಿನ ಕಲ್ಲೊಂದನ್ನು ನೋಡಿ ಮನೆಯವರು ಗಾಡಿ ನಿಲ್ಲಿಸಿರೆಂದು ಕೂಗಿದರು. ಅದರ ಮೇಲೆ ರಾಷ್ಟ್ರೀಯ ಹೆದ್ದಾರಿ 4 ಎಂದಿತ್ತು. ನಮ್ಮ ಪಿ.ಬಿ. ರಸ್ತೆಯಿಂದ ತೆಗೆದ ಸಂಖ್ಯೆ ಇಲ್ಲಿಗೆ ಬಂದಿದೆ! ಇಲ್ಲಿಂದ ಉತ್ತರದ ದಿಗ್ಲೀಪುರದವರೆಗೆ ಹೋಗುವ ಅಂಡಮಾನ್ ಟ್ರಂಕ್ ರಸ್ತೆಗೆ ಈಗ ಅದೇ ಸಂಖ್ಯೆ. ಹಳೆಯ ಪರಿಚಯದವರು ಪರ ಊರಿನಲ್ಲಿ ಸಿಕ್ಕ ಹಾಗಾಯಿತು. ಈ ರಸ್ತೆಯ ಒಂದು ಭಾಗ ಜಾರವಾ ಬುಡಕಟ್ಟಿನವರ ಮೀಸಲು ಅರಣ್ಯದೊಳಗೆ ಹಾಯುತ್ತದೆ. ಗೊತ್ತಾದ ಸಮಯಕ್ಕೆ ವಾಹನಗಳನ್ನು ಸಾಲಾಗಿ ಬಿಡುತ್ತಾರೆ. ನಡುವೆ ನಿಲ್ಲುವಂತಿಲ್ಲ, ಚಿತ್ರ ತೆಗೆಯುವಂತಿಲ್ಲ. ಆ ಕಡೆ ಸುಣ್ಣದ ಗವಿಗಳಿವೆಯೆಂದು ಏಜೆಂಟರು ಒತ್ತಾಯಿಸಿದರು. ಗವಿಯ ನೆಪದಲ್ಲಿ ದಾರಿಯ ಮನುಷ್ಯರನ್ನು ನೋಡಲು ಹೋಗುವವರೇ ಹೆಚ್ಚೆಂದು ಅವರ ಮಾತಿನಿಂದಲೇ ತಿಳಿಯಿತು. ನಾವು ಹೋಗಲಿಲ್ಲ.

ಸೆಲ್ಯುಲರ್ ಜೈಲನ್ನು ನೋಡಲು ಅರ್ಧ ದಿನವಾದರೂ ಬೇಕು. 1896ರಿಂದ 1906ರವರೆಗೆ ಕಟ್ಟಿದ್ದು. ನಡುವಿನ ಗೋಪುರದಿಂದ ಚಕ್ರದ ಅರಗಳಂತೆ ಏಳು ಬಾಹುಗಳಿದ್ದವು. ಈಗ ಮೂರು ಉಳಿದಿವೆ. ಒಂದು ಬಾಹುವಿನ ಮುಖ ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದರಿಂದ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುತ್ತಿರಲಿಲ್ಲ. ಕೋಣೆ ಹದಿನೈದು ಅಡಿ ಉದ್ದ, ಒಂಬತ್ತು ಅಡಿ ಅಗಲ. ನಾವು ಒಂದು ಕೋಣೆಯೊಳಗೆ ಹೋಗಿ ನಿಂತೆವು. ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನಮ್ಮ ನಿಜವಾದ ಬಿಡುವು ಸ್ವರಾಜ್ ದ್ವೀಪದಲ್ಲಿ. 2018ರ ಡಿಸೆಂಬರಿನವರೆಗೆ ಇದರ ಹೆಸರು ಹ್ಯಾವ್‌ಲಾಕ್. ಖಾಸಗಿ ಹಡಗಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗೆ ಸ್ವಾತಂತ್ರ್ಯಾನಂತರ ಇಲ್ಲಿ ಭೂಮಿ ಕೊಟ್ಟರು. ಅವರಿಟ್ಟ ಹೆಸರುಗಳು ಗೋವಿಂದನಗರ, ರಾಧಾನಗರ, ವಿಜಯನಗರ. ಹೆಸರಿನ ಮೋಹಕ್ಕೇ ನಾವು ವಿಜಯನಗರದ ತೀರದಲ್ಲಿ ಒಂಬತ್ತು ದಿನಕ್ಕೆ ಕೋಣೆ ಹಿಡಿದೆವು. ಹಂಪಿಯ ಬಂಡೆಗಳ ಬದಲು ತೆಂಗು, ಅಡಕೆ, ತಿಳಿಹಸಿರು ನೀರು. ಸಸ್ಯಾಹಾರಕ್ಕೆ ತೊಂದರೆಯಾಗಲಿಲ್ಲ, ಅನ್ನ, ಬೇಳೆ, ಕಾಯಿಪಲ್ಲೆ ಎಲ್ಲೆಡೆ ಸಿಗುತ್ತದೆ. ಆದರೂ ಮೂರನೆಯ ದಿನಕ್ಕೆ ಚಟ್ನಿಪುಡಿಯ ಡಬ್ಬಿ ಹೊರಬಂದಿತು.

ಇಲ್ಲಿಯ ಗಡಿಯಾರ ನಮ್ಮದೇ. ಸೂರ್ಯ ಮಾತ್ರ ಒಂದು ಗಂಟೆಗೂ ಹೆಚ್ಚು ಮುಂದೆ. ಜನವರಿಯಲ್ಲಿ ಧಾರವಾಡದಲ್ಲಿ ಏಳರ ಸುಮಾರಿಗೆ ಹುಟ್ಟುವವನು ಇಲ್ಲಿ ಆರಕ್ಕೆ ಮೊದಲೇ ಕಡಲಿನಿಂದ ಏಳುತ್ತಾನೆ, ಸಂಜೆ ಐದೂಕಾಲರ ಹೊತ್ತಿಗೆ ಮುಳುಗುತ್ತಾನೆ. ಅತ್ತೆಯವರು ದಿನಾ ನಾಲ್ಕೂವರೆಗೆ ಕರೆಯುತ್ತಿದ್ದರು. ಆ ಕರೆ ನಿಂತು ವರ್ಷ ಮೀರಿದರೂ ಇಬ್ಬರಿಗೂ ಅದೇ ಹೊತ್ತಿಗೆ ಎಚ್ಚರ. ಮನೆಯಲ್ಲಿ ಆ ಎಚ್ಚರ ಒಂದು ಶೂನ್ಯವಾಗಿತ್ತು. ಇಲ್ಲಿ ಮಿಂದು, ಪೂಜೆ ಮುಗಿಸಿ ಹೊರಗೆ ಬಂದರೆ ಆಕಾಶ ಕೆಂಪಾಗಿರುತ್ತಿತ್ತು.

ಆದರೆ ಹಗಲು ಕಳೆಯುವುದು ಕಷ್ಟವಾಯಿತು. ದಾರಿಯಲ್ಲಿ ಟೋಲು, ಲಾರಿ, ತಿರುವು, ಊಟ ಎಂದು ಮಾತಿಗೆ ಬರವಿರಲಿಲ್ಲ. ಇಲ್ಲಿ ಮೊಬೈಲಿನ ಸಂಪರ್ಕ ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಹನ್ನೊಂದು ಗಂಟೆಗೆ ಇಬ್ಬರೂ ಕೈಗಡಿಯಾರ ನೋಡಿಕೊಂಡೆವು. ಅದು ಹಾಸಿಗೆಯಲ್ಲಿ ಅವರನ್ನು ಮಗ್ಗುಲು ಹೊರಳಿಸುವ ಹೊತ್ತು. ಎಂಟು ವರ್ಷಗಳಲ್ಲಿ ನಮ್ಮ ನಡುವೆ ನಡೆದ ಮಾತೆಲ್ಲ ಗುಳಿಗೆ, ಜ್ವರ, ಡಾಕ್ಟರು, ಹಾಲು ಇಷ್ಟೇ ಆಗಿತ್ತೆಂದು ಆ ತೀರದಲ್ಲಿ ಕುಳಿತಾಗ ತಿಳಿಯಿತು.

ಆರನೆಯ ಸಂಜೆ ರಾಧಾನಗರದ ತೀರಕ್ಕೆ ಹೋದೆವು. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ತೀರವೆಂದು ಹೊಗಳಿದ್ದು ಇದನ್ನೇ. ಎತ್ತರದ ಮರಗಳ ಕಾಡು ದಾಟಿದೊಡನೆ ಬಿಳಿ ಮರಳು ಕಣ್ಣು ತುಂಬುತ್ತದೆ. ಸೂರ್ಯ ಮುಳುಗಿ ಜನ ಕರಗುತ್ತಿದ್ದಾಗ ಮನೆಯವರು ಇದ್ದಕ್ಕಿದ್ದಂತೆ, “ನರಗುಂದದ ಆ ಕಾಗದ ನಾ ಆವಾಗ್ಲೇ ನೋಡಿದ್ದೆ” ಎಂದರು.

ಬರೆಯುವವಳಿಗೆ 2016ರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು, ನರಗುಂದ ತಾಲ್ಲೂಕಿಗೆ. ಅತ್ತೆಯವರ ಸ್ಥಿತಿ ನೋಡಿ ಬಡ್ತಿ ಬೇಡವೆಂದು ಬರೆದುಕೊಟ್ಟದ್ದನ್ನು ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಅದರ ಪ್ರತಿ ಔಷಧದ ಚೀಟಿಗಳ ನಡುವೆ ಅವರಿಗೆ ಸಿಕ್ಕಿತ್ತಂತೆ. ಸಿಕ್ಕಿಯೂ ಸುಮ್ಮನಿದ್ದರಲ್ಲ ಎಂಬುದೇ ಹೆಚ್ಚು ಚುಚ್ಚಿತು. ಆ ರಾತ್ರಿ ಊಟಕ್ಕೂ ಮಾತಿರಲಿಲ್ಲ. ಬೆಳಗಾದೊಡನೆ ರಾಜಧಾನಿಗೆ ಮರಳಿಬಿಡೋಣ ಎಂದು ಹಟ ಹಿಡಿದು ಬಂದರಿಗೆ ಹೋದರೆ, ಗಾಳಿ ಎದ್ದಿದೆ, ಇಂದು ಹಡಗಿಲ್ಲ ಎಂದರು. ಚೀಲಗಳೊಂದಿಗೆ ಅದೇ ಕೋಣೆಗೆ ಹಿಂದಿರುಗಿದೆವು. ನಡುಗಡ್ಡೆಯಲ್ಲಿ ಸಿಟ್ಟು ಮಾಡಿಕೊಂಡು ಹೋಗಲು ತವರುಮನೆಯಿಲ್ಲ.

ಮಧ್ಯಾಹ್ನ ಅವರೇ ಹೇಳಿದರು: “ನೀ ಹೋಗು ಅಂದಿದ್ದರ ಅವ್ವನ್ನ ನಾ ಒಬ್ಬನ ನೋಡಬೇಕಾಗಿತ್ತು. ಅದಕ್ಕ ಅಂಜಿದ್ದೆ.” ಕರ್ತವ್ಯ, ತ್ಯಾಗ ಎಂದು ದೊಡ್ಡ ಮಾತು ಆಡಿದ್ದರೆ ಸಿಟ್ಟು ಇಳಿಯುತ್ತಿರಲಿಲ್ಲವೇನೋ. ಅಂಜಿದ್ದೆ ಎಂಬ ಆ ಒಂದು ಮಾತನ್ನು ಮೂವತ್ತೈದು ವರ್ಷಗಳಲ್ಲಿ ಅವರ ಬಾಯಿಂದ ಕೇಳಿರಲಿಲ್ಲ. ಆ ಮೇಲೆ ಕತ್ತಲಾಗುವವರೆಗೆ, ಕತ್ತಲಾದ ಮೇಲೂ, ಮಾತಾಡಿದೆವು. ಅತ್ತೆಯವರ ಹಟಗಳನ್ನು ನೆನೆದು ನಕ್ಕೆವು ಕೂಡ. ಉಳಿದ ಎರಡು ದಿನ ಅಲ್ಲಿಯೇ ಇದ್ದೆವು. (ಇಷ್ಟನ್ನೂ ಬರೆಯಲು ಮನೆಯವರ ಒಪ್ಪಿಗೆಯಿದೆ, ಓದಿಸಿಯೇ ಕಳುಹಿಸುತ್ತಿದ್ದೇವೆ.)

ಹೋಗಬಯಸುವವರಿಗೆ ಎರಡು ಮಾತು. ಮರಳುವ ವಿಮಾನಕ್ಕೆ ಮೊದಲು ಕನಿಷ್ಠ ಒಂದು ಪೂರ್ತಿ ದಿನ ಶ್ರೀ ವಿಜಯಪುರಂನಲ್ಲಿ ಇರುವಂತೆ ಗೊತ್ತು ಮಾಡಿಕೊಳ್ಳಬೇಕು. ಹಡಗಿನದು ಗಾಳಿಯ ಇಷ್ಟ. ನಿತ್ಯದ ಔಷಧ ಹಾಗೂ ಕೈಯಲ್ಲಿ ನಗದು ಹೆಚ್ಚಾಗಿಯೇ ಇರಲಿ. ಕಪ್ಪೆಚಿಪ್ಪು, ಹವಳ ಎಷ್ಟೇ ಅಂದವಾಗಿದ್ದರೂ ತೀರದಿಂದ ಎತ್ತಿಕೊಳ್ಳಬಾರದು, ಅದು ಅಪರಾಧ. ಮೊಮ್ಮಗಳಿಗೆ ನಾವು ಬರಿಗೈಯಲ್ಲಿಯೇ ಬಂದೆವು.

ಮರಳುವಾಗ ಕಂಚಿಯಲ್ಲಿ ನಿಲ್ಲಲಿಲ್ಲ. ಬೆಂಗಳೂರು ದಾಟಿ, ಹಿರಿಯೂರಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಚಹಾ ಕುಡಿದು ಎದ್ದಾಗ ಮನೆಯವರು ಕೇಳದೆಯೇ ಕೀಲಿಕೈ ಚಾಚಿ, ಎಡಗಡೆಯ ಸೀಟಿನಲ್ಲಿ ಹೋಗಿ ಕುಳಿತರು. ಚಿತ್ರದುರ್ಗದವರೆಗೆ ಪ್ರತಿ ಲಾರಿಗೂ ತಾವೇ ಬ್ರೇಕು ಒತ್ತುವವರಂತೆ ಕಾಲು ಒತ್ತುತ್ತಿದ್ದರು. ದಾವಣಗೆರೆ ದಾಟುವಷ್ಟರಲ್ಲಿ ನಿದ್ದೆ ಹೋಗಿದ್ದರು. ಹಾವೇರಿಯ ಹತ್ತಿರ ಗಾಡಿ ನಿಲ್ಲಿಸಿ ಎಬ್ಬಿಸಿದಾಗ “ಧಾರವಾಡ ಬಂತೇನು?” ಎಂದು ಕೇಳಿದರು. ಇನ್ನೂ ನೂರು ಕಿಲೋಮೀಟರಿನಷ್ಟು ದಾರಿಯಿತ್ತು.