ಎರೆನೆಲದಲ್ಲಿ ಕೆಟ್ಟು ನಿಂತ ಲಾರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ದಾರಿಯಲ್ಲಿ ಫರ್ಸಿ ಹೇರಿದ ಲಾರಿಗಳು ಕೆಟ್ಟು ನಿಂತುದನ್ನು ನೋಡದವರಾರು? ಡ್ರೈವರರಾದ ನನ್ನ ಸೋದರಮಾವನವರೊಡನೆ ರಜೆಯಲ್ಲಿ ತಿರುಗಿ ಕಂಡುದನ್ನಷ್ಟೇ ಬರೆಯುತ್ತೇನೆ. ಮಳೆಗಾಲದಲ್ಲಿ ಟಾಯರು ಒಡೆದರೆ ತೊಡಕು ಟಾಯರಿನದಲ್ಲ, ಜಾಕಿನದು. ಎರೆಮಣ್ಣು (ಕೆನ್ಯಾ, ಸೂಡಾನಗಳಲ್ಲಿಯೂ ಇಂಥ ಮಣ್ಣುಂಟು) ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಜಾಕಿನ ಸಣ್ಣ ಬುಡ ಮಣ್ಣಿಗಿಳಿಯುವುದೇ ಹೊರತು ಲಾರಿ ಏಳದು. ಅಗಲವಾದ ದಪ್ಪ ಹಲಗೆಯನ್ನು ಕೆಳಗಿಟ್ಟರೆ ಭಾರ ಹರಡುತ್ತದೆ. ಹೇರಿದ ಫರ್ಸಿಯನ್ನೇ ಇಡಬಾರದೇಕೆ ಎನ್ನಬಹುದು. ಅದು ಸುಣ್ಣಕಲ್ಲು, ಒತ್ತಡವನ್ನು ತಾಳುತ್ತದೆ, ಬಾಗನ್ನು ತಾಳದು. ಮೆತ್ತನೆಯ ನೆಲದ ಮೇಲೆ ತೆಳುಗಲ್ಲು ಸೀಳಿದರೆ ಲಾರಿ ಅಡಿಯಲ್ಲಿದ್ದವನ ಮೇಲೆಯೇ ಕೂರುತ್ತದೆ. ಫರ್ಸಿಯ ಚೂರಿಗೆ ಬೇರೆ ಕೆಲಸವಿದೆ. “ಅಳಿಯಾ, ಮೊದಲ ಉಳಿದ ಗಾಲಿಗೆ ಕಲ್ಲ ಒತ್ತು ಕೊಡು, ಆಮ್ಯಾಲ ಜಾಕ ಹಚ್ಚು” ಎನ್ನುತ್ತಿದ್ದರು ಮಾವ.